ಹೊಸ್ತಿಲಿನಿಂದ ಎಣಿಸಿದ ತೊಂಬತ್ತು ದಿನ

ಫೋಟೋದಲ್ಲಿ ಆಕೆಯ ಎಡಕಿವಿ ಇರಲಿಲ್ಲ. ಫೋಟೋ ಐವತ್ತು ಕೆಬಿಯೊಳಗೇ ಇರಬೇಕೆಂದು ಸರಕಾರದ ವೆಬ್‌ಸೈಟ್ ಹಟ ಹಿಡಿದಿತ್ತು. ನಾನು ಅಂಚು ಕತ್ತರಿಸುತ್ತ ಹೋದೆ. ಮೊದಲು ಹಿಂದಿನ ಗೋಡೆ ಹೋಯಿತು, ಆಮೇಲೆ ಭುಜಗಳು, ಕೊನೆಗೆ ಕಿವಿ. ನಲವತ್ತೊಂಬತ್ತು ಕೆಬಿಗೆ ವೆಬ್‌ಸೈಟಿಗೆ ಸಮಾಧಾನವಾಯಿತು. ಹೀಗೆ, ಒಂದೇ ಕಿವಿಯ ಡೆನ್ಮಾರ್ಕಿನ ಹೆಂಗಸೊಬ್ಬಳು ರಾಮತೀರ್ಥ ನಗರದ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದಾಳೆಂದು ಭಾರತ ಸರಕಾರಕ್ಕೆ ತಿಳಿಯಿತು.

ವಿದೇಶಿಯರು ಮನೆಯಲ್ಲಿ ಉಳಿದುಕೊಂಡರೆ ಮನೆಯ ಮಾಲೀಕರು ಇಪ್ಪತ್ನಾಲ್ಕು ಗಂಟೆಯೊಳಗೆ ಒಂದು ಅರ್ಜಿ ತುಂಬಬೇಕು. ಮಾಲೀಕರು ನನ್ನ ಅಪ್ಪ. ಆದರೆ ಪಾಸ್‌ವರ್ಡ್ ಕೇಳುವ ಯಾವುದನ್ನೂ ಅವರು ನಂಬುವುದಿಲ್ಲ. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿದ ಮೇಲೆ ಗ್ಯಾಸ್ ಸಿಲಿಂಡರಿನಿಂದ ಹಿಡಿದು ಅಜ್ಜಿಯ ಆಧಾರ್‌ವರೆಗೆ ಎಲ್ಲವೂ ಗಣಿತವೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನೂ ವಿರೋಧಿಸಲಿಲ್ಲ. ಅರ್ಜಿ ತುಂಬುತ್ತಿರುವಾಗ ಯಾರೂ ಮದುವೆಯ ಮಾತು ತೆಗೆಯುವುದಿಲ್ಲ.

ಆಕೆಗೆ ಐವತ್ತು ದಾಟಿದೆ. ತನ್ನ ಊರಿನಲ್ಲಿ ಮಣ್ಣಿನ ಪಾತ್ರೆ ಮಾಡುವವಳು. ಖಾನಾಪುರದಲ್ಲಿ ದೊಡ್ಡ ಹರವಿಗಳನ್ನು ಕೈಯಲ್ಲೇ ತಟ್ಟಿ ಎಬ್ಬಿಸುವ ಮುದುಕ ಕುಂಬಾರರೊಬ್ಬರಿದ್ದಾರೆ. ಎಳೆಯ ಮಗು ಹಿಂದೆ ನಿಂತರೆ ಕಾಣದಷ್ಟು ಎತ್ತರದ ನೀರಿನ ಹರವಿಗಳು. ಅವನ್ನು ಕಲಿಯಲು ಆಕೆ ದಿನಾ ಬೆಳಿಗ್ಗೆ ಬಸ್ ಹಿಡಿಯುತ್ತಾಳೆ, ಮಚ್ಛೆಯಲ್ಲಿ ಕಾರ್ಖಾನೆಯವರೆಲ್ಲ ಇಳಿದ ಮೇಲೆ ಸೀಟು ಸಿಗುತ್ತದೆ. ಆಕೆಯ ಕನ್ನಡ ಕಂಡಕ್ಟರುಗಳಿಂದಲೂ ಆ ಮುದುಕರಿಂದಲೂ ಬಂದದ್ದು, ಅರ್ಧ ಮರಾಠಿ. ನಾನು ಮೊದಲ ದಿನ “ತಮಗೆ ಬಿಸಿನೀರಿನ ವ್ಯವಸ್ಥೆ ಸಮರ್ಪಕವಾಗಿದೆಯೇ?” ಎಂದು ಕೇಳಿದ್ದೆ. ಆಕೆ ಸ್ವಲ್ಪ ಯೋಚಿಸಿ, “ನೀ ಟಿವಿಯಾಗ ಸುದ್ದಿ ಓದ್ತಿಯೇನ?” ಎಂದಳು.

ಆಕೆಯದು ಪ್ರವಾಸಿ ವೀಸಾ. ಐದು ವರ್ಷ ನಡೆಯುತ್ತದೆ, ಆದರೆ ಒಂದು ಸಲಕ್ಕೆ ತೊಂಬತ್ತು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ತೊಂಬತ್ತು ತುಂಬುವುದರೊಳಗೆ ದೇಶ ಬಿಡಬೇಕು. ಬಿಟ್ಟು ಎಷ್ಟು ದಿನ ದೂರವಿರಬೇಕೆಂದು ಯಾರೂ ಹೇಳುವುದಿಲ್ಲ. ಹಾಗಾಗಿ ಆಕೆ ಕೊಲಂಬೋಗೆ ಹೋಗಿ, ನಾಲ್ಕು ದಿನ ಮೀನು ತಿಂದು, ಅದೇ ಚೀಲ ಹೊತ್ತು ವಾಪಸು ಬರುತ್ತಾಳೆ. ಕಾನೂನಿಗೆ ಬೇಕಾದದ್ದು ಆಕೆ ಹೋಗುವುದಲ್ಲ, ಹೋದ ಮೊಹರು. ಗೋವಾದಲ್ಲಿ ಇದನ್ನೇ ಮಾಡುವವರು ಎಷ್ಟೋ ಜನ ಇದ್ದಾರಂತೆ. ನಮ್ಮ ಬಡಾವಣೆಯಲ್ಲಿ ಈಕೆ ಒಬ್ಬಳೇ. ಆದ್ದರಿಂದ ಎಲ್ಲರಿಗೂ ಒಂದೊಂದು ಸಲಹೆ ಕೊಡಲು ಬಿಡುವಿತ್ತು.

ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ಈ ಕೊಲಂಬೋ ಖರ್ಚು ನುಂಗಲಾರದ ತುತ್ತಾಗಿತ್ತು. “ಗಡಿ ದಾಟೂದಕ್ಕ ಲಂಕಾಕ್ಯಾಕ ಹೋಗಬೇಕ್ರೀ? ನಮ್ಮೂರಾಗ ಗಡಿಗೇನ್ ಬರಾ ಬಂದೈತಿ? ಶಿನೋಳಿ ದಾಟಿ ಮಹಾರಾಷ್ಟ್ರದಾಗ ಒಂದ ಚಾ ಕುಡದ್ ಬರ್ರಿ ಅಂತ ಹೇಳ್ರಿ. ಬೇಕಾದ್ರ ನನ್ನ ಸ್ಕೂಟರ್ ಕೊಡ್ತೀನಿ.”

ನನ್ನ ಅಜ್ಜಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಾವು ಜೈನರು. ನಮ್ಮ ಮುನಿಗಳು ಚಾತುರ್ಮಾಸ ಬಿಟ್ಟರೆ ಒಂದೇ ಊರಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ, ನಡೆಯುತ್ತಲೇ ಇರುತ್ತಾರೆ. “ಆಕಿಗೂ ಹಂಗ ನೇಮ ಹಾಕ್ಯಾರ,” ಎಂದರು ಅಜ್ಜಿ. ಆಮೇಲೆ ಆಕೆ ಕೊಲಂಬೋದಿಂದ ತಂದ ಚಾಕೊಲೇಟನ್ನು ಬಾಯಿಗೆ ಹಾಕಿಕೊಂಡು, “ಮುನಿಗಳು ಇದನ್ನ ತರೂದಿಲ್ಲ, ಅಷ್ಟ ಫರಕು,” ಎಂದರು.

ನಾನು ಹೇಳಹೊರಟಿರುವುದು ಆಕೆಯ ಮೂರನೆಯ ಸರದಿಯ ಕೊನೆಯ ದಿನಗಳ ಬಗ್ಗೆ. ಅಕ್ಟೋಬರಿನಲ್ಲಿ ಬಂದಿದ್ದಳು. ಜನವರಿ ಹೊತ್ತಿಗೆ, ಎರಡು ಸರದಿಗಳಲ್ಲಿ ಒಡೆದುಹೋದ ಒಂಬತ್ತು ಹರವಿಗಳ ನಂತರ, ಒಂದು ನೆಟ್ಟಗೆ ನಿಂತಿತು. ಖಾನಾಪುರದ ಮುದುಕರನ್ನು ಆಕೆ ಕಾಕಾ ಎನ್ನುತ್ತಿದ್ದಳು. ಆ ಕಾಕಾ ಅದನ್ನು ಭಟ್ಟಿಗೆ ಇಡಲು ಒಪ್ಪಿದರು. ಅವರ ಮನೆಯಲ್ಲಿ ಒಂದು ಪದ್ಧತಿ ಇದೆ: ಕಲಿಯುವವರು ತಮ್ಮ ಮೊದಲ ಹರವಿಯನ್ನು ಸುಟ್ಟ ಮೇಲೆ ಭಟ್ಟಿಯಿಂದ ತಮ್ಮ ಕೈಯಿಂದಲೇ ಹೊರಗೆ ತರಬೇಕು. ಬೇರೆಯವರು ತೆಗೆದರೆ ಅದು ತೆಗೆದವರ ಹರವಿ, ಮಾಡಿದವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಾಕಾನ ಅಣ್ಣ ಹೀಗೆಯೇ ಜ್ವರದಲ್ಲಿ ಮಲಗಿ ಒಂದು ವರ್ಷ ಕಳೆದುಕೊಂಡರಂತೆ. ಆಕೆಗೆ ಈ ಕಥೆ ಬಾಯಿಪಾಠವಾಗಿತ್ತು. ಮೊದಲ ಸರದಿಯಿಂದಲೂ ಆಕೆ ಬಯಸಿದ್ದು ಇದೊಂದನ್ನೇ.

ಮಣ್ಣು ಆರಬೇಕಲ್ಲ. ಆ ತಿಂಗಳು ಖಾನಾಪುರದಲ್ಲಿ ಹತ್ತು ಗಂಟೆಯವರೆಗೂ ಮಂಜು. ಭಟ್ಟಿ ಹಚ್ಚುವುದು ಮುಂದೆ ಹೋಗುತ್ತ ಹೋಗುತ್ತ ಗುರುವಾರಕ್ಕೆ ಬಂತು. ಶುಕ್ರವಾರ ಬೆಳಿಗ್ಗೆ ಭಟ್ಟಿಯ ಬಾಯಿ ಮುಚ್ಚಿ, ರವಿವಾರದವರೆಗೆ ತಣ್ಣಗಾಗಲು ಬಿಡುವುದು. ಆಕೆಯ ತೊಂಬತ್ತನೆಯ ದಿನ ಮಂಗಳವಾರ. ನಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ನಾನೇ ಬರೆದಿದ್ದೆ, ಕೆಂಪು ಶಾಯಿಯಲ್ಲಿ, ಕೆಳಗೆ ಎರಡು ಗೆರೆ ಎಳೆದು. ಮಂಗಳವಾರಕ್ಕೇ ಟಿಕೆಟ್ಟೂ ಆಗಿತ್ತು.

ಶುಕ್ರವಾರ ಮಧ್ಯಾಹ್ನ ಕೊಲಂಬೋದ ಪರವಾನಗಿ ಅರ್ಜಿ ತುಂಬಲು ಆಕೆಯ ಪಾಸ್‌ಪೋರ್ಟ್ ತೆರೆದು ಕುಳಿತೆ. ನಂಬರ್ ಹುಡುಕುವಾಗ ಮೊಹರಿನ ಪುಟ ತೆರೆಯಿತು. ಬೆಂಗಳೂರಿನ ವಿಮಾನ ನಿಲ್ದಾಣದ್ದು. ಅದರ ತಾರೀಖು ನನ್ನ ಹಾಳೆಯ ಮೊದಲ ದಿನಕ್ಕಿಂತ ಮೂರು ದಿನ ಹಿಂದಿನದು.

ನಾನು ಬೆರಳಲ್ಲಿ ಎಣಿಸಿದೆ. ಕ್ಯಾಲೆಂಡರಿನಲ್ಲಿ ಎಣಿಸಿದೆ. ಆಮೇಲೆ ಫೋನಿನಲ್ಲಿ. ಮೂರೂ ಸಲ ಶನಿವಾರವೇ ಬಂತು. ನಾಳೆ.

ಹೇಗಾಯಿತೆಂಬುದು ಕೂಡಲೇ ಹೊಳೆಯಿತು, ಹೊಳೆದದ್ದರಿಂದ ಏನೂ ಹಿತವಾಗಲಿಲ್ಲ. ನಮ್ಮ ಮನೆಯಲ್ಲಿ ಯಾರೇ ಬಂದರೂ ಅವರ ಲೆಕ್ಕ ಶುರುವಾಗುವುದು ಹೊಸ್ತಿಲಲ್ಲಿ ಕಾಲಿಗೆ ನೀರು ಕೊಟ್ಟ ದಿನದಿಂದ. ಅಳಿಯಂದಿರಿಗೂ ಅಷ್ಟೇ, ಬಾಣಂತಿಯರಿಗೂ ಅಷ್ಟೇ. ಅಕ್ಟೋಬರಿನಲ್ಲಿ ಹಾಳೆ ಬರೆಯುವಾಗ ನಾನು ಅಜ್ಜಿಯನ್ನು ಕೇಳಿದ್ದೆ, ಅವರು “ನೀರ ಕೊಟ್ಟದ್ದ ಗುರುವಾರ” ಎಂದಿದ್ದರು, ನಾನು ಗುರುವಾರದಿಂದ ಎಣಿಸಿದ್ದೆ. ಆಕೆ ಅದಕ್ಕೆ ಮೊದಲು ಮೂರು ದಿನ ಬೆಂಗಳೂರಿನ ಗೆಳತಿಯ ಮನೆಯಲ್ಲಿ ನಿದ್ದೆ ಮಾಡುತ್ತಿದ್ದಳೆಂಬುದು ನನಗೆ ಗೊತ್ತಿತ್ತು. ಸರಕಾರದ ಅರ್ಜಿಯಲ್ಲಿ ದೇಶಕ್ಕೆ ಬಂದ ದಿನ, ಮನೆಗೆ ಬಂದ ದಿನ ಎರಡನ್ನೂ ಬೇರೆ ಬೇರೆ ಕೇಳಿದ್ದರು, ಎರಡನ್ನೂ ಸರಿಯಾಗಿಯೇ ತುಂಬಿದ್ದೆ. ಫ್ರಿಜ್ಜಿನ ಹತ್ತಿರ ಬಂದಾಗ ಮಾತ್ರ ನಾನು ಅಜ್ಜಿಯ ಮೊಮ್ಮಗಳಾಗಿಬಿಟ್ಟಿದ್ದೆ.

ಅವಧಿ ಮೀರಿ ಉಳಿದರೆ ಏನಾಗುತ್ತದೆಂದು ಓದಿದೆ. ದಂಡ ಆಗಬಹುದು, ಮುಂದೆ ವೀಸಾ ಸಿಗದೆಯೂ ಇರಬಹುದು. ಇಂಥ ಕಡೆ ‘ಬಹುದು’ ಎಂಬ ಪದವನ್ನು ಯಾರೂ ಪರೀಕ್ಷಿಸಿ ನೋಡಬಾರದು. ಇದನ್ನು ಫೋನಿನಲ್ಲಿ ಹೇಳುವುದು ಹೇಡಿತನವೆನಿಸಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದು ವಾಕ್ಯ ತಯಾರಿಸಿದೆ: ಎಣಿಕೆಯ ವಿಧಾನದಲ್ಲಿ ಒಂದು ವ್ಯತ್ಯಾಸ ಕಂಡುಬಂದಿದೆ. ದೇಸೂರು ದಾಟುವಾಗ ಅದು ಚೆನ್ನಾಗಿಯೇ ಕೇಳುತ್ತಿತ್ತು.

ಭಟ್ಟಿಯ ಬಾಜು ಇಬ್ಬರೂ ಹಲಗೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕಾಕಾ ನನ್ನನ್ನು ನೋಡಿ, “ಬರ್ರಿ ಬರ್ರಿ, ಎಮ್ಮೆಸ್ಸಿ ಬಾಯಿ ಬಂದ್ರು. ಕುಂದರ್ರಿ. ಇವತ್ತ ಕಂಪ್ಯೂಟರಿಗೆ ಸೂಟಿ ಏನ?” ಎಂದರು.

“ನಂದ ತಪ್ಪಾಗೇತಿ,” ಎಂದೆ. ತಯಾರಿಸಿದ ವಾಕ್ಯ ಬಸ್ಸಿನಲ್ಲೇ ಉಳಿದಿತ್ತು. “ಮಂಗಳವಾರ ಅಲ್ಲ. ನಾಳೆ ಹೋಗಬೇಕು.”

ಆಕೆ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಪೂರ್ತಿ ಹೇಳಿದೆ, ಮೊಹರು, ಹೊಸ್ತಿಲು, ಗುರುವಾರ. ಮುಗಿದ ಮೇಲೆ ಆಕೆ ಕೇಳಿದಳು, “ನೀ ಗಣಿತದಾಗ ಎಮ್ಮೆಸ್ಸಿ ಅಲ್ಲೇನ?”

“ಹೌದು.”

“ಯಾವ ಯುನಿವರ್ಸಿಟಿ?”

ಹೇಳಿದೆ.

“ಛಲೋ ಆತು, ಹೇಳಿದಿ. ನಾ ಅಲ್ಲಿ ಕಲಿಯಾಕ ಹೋಗೂದಿಲ್ಲ.”

ಕಾಕಾಗೆ ವಿಷಯ ನಿಧಾನಕ್ಕೆ ಇಳಿಯಿತು. “ನಾಳೆ ಅಂದ್ರ ನಾಳೇನ ಏನ? ಬೀಗರ ಮನ್ಯಾಗೂ ಇನ್ನೆರಡ ದಿನ ಇರ್ರಿ ಅಂತಾರ. ಸರಕಾರಕ್ಕ ಅಷ್ಟೂ ರೀತಿ ಇಲ್ಲ?” ಎಂದರು. ಆಮೇಲೆ, “ಜ್ವರಾ ಬಂದಾವ ಅಂತ ಹೇಳೂಣು. ಚೀಟಿ ಬರಕೊಡೂ ಡಾಕ್ಟರ್ ನನಗ ಗೊತ್ತದಾನ.”

“ಖರೇ ಜ್ವರಾ ಬಂದಿಲ್ಲಲ್ಲ ಕಾಕಾ,” ಎಂದಳು ಆಕೆ.

“ಭಟ್ಟಿ ಮ್ಯಾಲ ಕುಂದರು. ಬರ್ತಾವ.”

ಆಕೆ ಎದ್ದು ಭಟ್ಟಿಯ ಗೋಡೆಯ ಹತ್ತಿರ ಹೋಗಿ ನಿಂತಳು, ಮುಟ್ಟಲಿಲ್ಲ. ಇನ್ನೂ ಅಷ್ಟು ಬಿಸಿ ಇತ್ತು. ಬೆನ್ನು ನಮ್ಮ ಕಡೆ ಇತ್ತು. ಆಗ ನನಗೆ ಒಂದು ಮೂರ್ಖ ಪ್ರಶ್ನೆ ಕೇಳದೆ ಇರಲಾಗಲಿಲ್ಲ.

“ಇವತ್ತ ತೆಗದ್ರ?”

ಕಾಕಾ ನನ್ನನ್ನು ಮೊದಲ ಸಲ ನೋಡಿದಂತೆ ನೋಡಿದರು. “ತೆಗದ್ರ ಎಲ್ಲಾ ಪಟಪಟ ಸೀಳತಾವ. ಆಕೀದೂ, ನನ್ನ ನೂರಾ ಎಂಟೂ. ಗಾಳಿ ಹೊಡದ್ರ ಮಡಕಿ ಒಡೀತೈತಿ ಅನ್ನೂದ ಎಮ್ಮೆಸ್ಸಿದೊಳಗ ಬರೂದಿಲ್ಲೇನವಾ?”

“ಬರೂದಿಲ್ಲ,” ಎಂದೆ.

“ನೀ ರವಿವಾರ ತೆಗಿ ಕಾಕಾ,” ಎಂದಳು ಆಕೆ, ಈ ಕಡೆ ತಿರುಗದೆ. “ನಂದೂ ತೆಗಿ. ನಾ ಮತ್ತ ಮಾಡ್ತೀನಿ. ಹತ್ತನೇದ್ದ ಒಡೀತು ಅನ್ಕೋತೀನಿ.”

“ನಿಂದ ತಗೊಂಡ ನಾ ಏನ ಮಾಡಲಿ? ಮೂತಿ ಸೊಟ್ಟ ಆಗೇತಿ, ಯಾರೂ ತಗೊಳ್ಳೂದಿಲ್ಲ,” ಎಂದು ಕಾಕಾ ಸಿಡುಕಿದರು. ಆಮೇಲೆ ಮಡಿಲಿನ ಶೇಂಗಾದ ಸಿಪ್ಪೆಯನ್ನು ಕೊಡವಿದರು. “ಅದನ್ನ ಎಲ್ಲಾಕಿಂತ ಹಿಂದ ಇಟ್ಟೇನಿ. ಒಡದ್ರ ನನ್ನವಕ್ಕ ತಾಗಬಾರದು ಅಂತ ಇಟ್ಟಿದ್ದೆ, ಪ್ರೀತಿಗಲ್ಲ. ರವಿವಾರ ನನ್ನವಷ್ಟ ತೆಗೀತೀನಿ. ಅದು ಅಲ್ಲೇ ಇರಲಿ. ಬಾಯಿ ಮತ್ತ ಮುಚ್ಚೂಣು. ನೀ ಬರೂತನಕ ಮುಂದಿನ ಭಟ್ಟಿ ಹಚ್ಚೂದಿಲ್ಲ.”

“ಅಂಗಡಿಯಾಂವ ಮುಂದಿನ ಮಾಲು ಕೇಳಿದ್ರ?” ಎಂದಳು ಆಕೆ.

“ನನಗ ಜ್ವರಾ ಬಂದಾವ ಅಂತೀನಿ. ಡಾಕ್ಟರ್ ಹೆಂಗೂ ಗೊತ್ತದಾನ.”

ಆಗ ಆಕೆ ತಿರುಗಿದಳು. ಮೂಗು ಕೆಂಪಗಾಗಿತ್ತು. ನಾನು ಬಸ್ಸಿನ ಸಮಯ ನೋಡುವವಳಂತೆ ಫೋನ್ ತೆಗೆದೆ.

ಶನಿವಾರ ಬೆಳಿಗ್ಗೆ ನಮ್ಮೂರಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಮಧ್ಯದ ಸೀಟು ಸಿಕ್ಕಿತು, ಅಲ್ಲಿಂದ ಸಂಜೆ ಕೊಲಂಬೋಗೆ ಒಂದು. ಅಜ್ಜಿ ಚಪಾತಿ ಕಟ್ಟಿಕೊಟ್ಟರು. “ಸೂರ್ಯ ಮುಳುಗೂದರಾಗ ಉಣ್ಣು,” ಎಂದು ಹೇಳಿ, ನನ್ನ ಕಡೆ ತಿರುಗಿ, “ನಾ ಹೇಳಿದ್ದ ಗುರುವಾರ ಸರಿ ಇತ್ತು. ಕೇಳಿದಾಕಿ ನೀ ತಪ್ಪ ಕೇಳಿದಿ,” ಎಂದರು. ಪಕ್ಕದ ಮನೆಯವರು ಗೇಟಿನವರೆಗೆ ಬಂದು, ಶಿನೋಳಿಗೆ ಹೋಗಿದ್ದರೆ ಇದೆಲ್ಲ ಆಗುತ್ತಿರಲಿಲ್ಲವೆಂದು ನೆನಪಿಸಿದರು. ವಿಮಾನ ನಿಲ್ದಾಣದ ಬಾಗಿಲಲ್ಲಿ ನಾನು ಕ್ಷಮೆ ಕೇಳಲು ಬಾಯಿ ತೆರೆದಾಗ ಆಕೆ ನನ್ನ ಭುಜ ಹಿಡಿದು ಒಳ್ಳೆಯ ಮಣ್ಣೋ ಅಲ್ಲವೋ ಎಂಬಂತೆ ಒಮ್ಮೆ ಒತ್ತಿ, ಒಳಗೆ ಹೋದಳು.

ಸಂಜೆ ಅಡುಗೆಮನೆಯಲ್ಲಿದ್ದಾಗ ಫೋನಿಗೆ ಒಂದು ಚಿತ್ರ ಬಂತು. ಹೊರಹೋದ ಮೊಹರು, ಶನಿವಾರದ್ದು. ಕೆಳಗೆ ಕನ್ನಡದಲ್ಲೇ ಬರೆದಿದ್ದಳು: ಅಧಿಕಾರಿ ಎರಡು ಸಲ ಎಣಿಸಿದ. ಅಂವಗೂ ತೊಂಬತ್ತ ಬಂತು.

ಮರುದಿನ ಬೆಳಿಗ್ಗೆ ನಾನು ಯಾರಿಗೂ ಹೇಳದೆ ಮೊದಲ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆ. ಕಾಕಾ ಭಟ್ಟಿಯ ಬಾಯಿ ತೆರೆದಾಗಿತ್ತು. ಅವರು ತೆಗೆದುಕೊಟ್ಟ ಮಡಕೆಗಳನ್ನು ನಾನು ಅಂಗಳದಲ್ಲಿ ಹುಲ್ಲಿನ ಮೇಲೆ ಇಡುತ್ತ ಹೋದೆ. ಕೊನೆಯದು ಹೊರಬಂದಾಗ ಒಳಗೆ, ಹಿಂದಿನ ಗೋಡೆಗೆ, ಆಕೆಯ ಹರವಿ ಒಂದೇ ಉಳಿದಿತ್ತು. ಕತ್ತಲಲ್ಲಿ ಭುಜದ ದುಂಡು ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ. “ಬ್ಯಾಟ್ರಿ ಬಿಟ್ಟ ನೋಡವಾ, ಸೀಳೇತೇನು,” ಎಂದರು ಕಾಕಾ. ನಾನು ನೋಡಲಿಲ್ಲ. ಇಟ್ಟಿಗೆ ಎಲ್ಲಿವೆಯೆಂದು ಕೇಳಿ, ಬಾಯಿಗೆ ಅಡ್ಡವಾಗಿ ಒಂದು ಸಾಲು ಜೋಡಿಸಿದೆ, ಅದರ ಮೇಲೆ ಇನ್ನೊಂದು. ಸೊಟ್ಟಗಾಗಿದೆ ಎಂದರು ಅವರು. ಎರಡೂ ಸಾಲು ಕಿತ್ತು ಮತ್ತೆ ಜೋಡಿಸಿದೆ, ಸಂದುಗಳಿಗೆ ಹಸಿಮಣ್ಣು ಮೆತ್ತಿದೆ, ಬಾವಿಯ ಹತ್ತಿರ ಕೈ ತೊಳೆದುಕೊಂಡು ಒಂಬತ್ತೂವರೆಯ ಬಸ್ಸಿಗೆ ವಾಪಸು ಬಂದೆ.