ಮಾಣಿಕನ ಗಾಳದ ಕೋಲೂ ಜುಲ್ಫೀಕಾರನ ಮೂಗೂ

“ಕೋಲು ಮೂಸಿ ನೋಡಿದ್ನಂದ್ರ ಅದು ಹುಟ್ಟಿದ ವರ್ಷ ಹೇಳ್ತೇನಿ. ಒಂದ್ ಕಪ್ ಚಾ ಕುಡಿಸಿದ್ರ ಹುಟ್ಟಿದ ವಾರಾನೂ ಹೇಳ್ತೇನಿ!”

ನೌಬಾದದ ಜುಲ್ಫೀಕಾರ ಉಸ್ತಾದ ಈ ಮಾತನ್ನು ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಎರಡು ಸಲ, ಡಾಕ್ಟರು ಬರೆದುಕೊಟ್ಟ ಗುಳಿಗೆಯ ಹಾಗೆ ತಪ್ಪದೆ ಹೇಳುತ್ತಿದ್ದ. ಹಳೆಯ ಗಾಳದ ಕೋಲುಗಳನ್ನು ರಿಪೇರಿ ಮಾಡುವುದು, ಅವುಗಳ ವಯಸ್ಸು ಹೇಳಿ ಬೆಲೆ ಕಟ್ಟುವುದು ಅವನ ಕಸುಬು. ಇಡೀ ಬೀದರ ಜಿಲ್ಲೆಯಲ್ಲಿ ಈ ಕಸುಬಿನವನು ಅವನೊಬ್ಬನೇ. ಸ್ಪರ್ಧೆ ಇಟ್ಟರೆ ಮೊದಲನೆಯ ಸ್ಥಾನವೂ ಅವನದೇ, ಕೊನೆಯದೂ ಅವನದೇ.

ಹರೆಯದಲ್ಲಿ ಅವನು ಬಿದ್ರಿ ಕಾರಖಾನೆಯಲ್ಲಿ ಲೋಹದ ಹುಕ್ಕಾ, ಹೂದಾನಿಗಳಿಗೆ ಬೀದರ ಕೋಟೆಯ, ಅಂದರೆ ಕಿಲ್ಲೆಯ, ಮಣ್ಣು ತಿಕ್ಕಿ ಕಪ್ಪು ಏರಿಸುತ್ತಿದ್ದ. ಆಮೇಲೆ ಯಾವುದೋ ಗಳಿಗೆಯಲ್ಲಿ ಗಾಳದ ಕೋಲಿನ ಹುಚ್ಚು ಹತ್ತಿತು. ಇಂಗ್ಲಿಷ್ ಸಾಹೇಬರು ಬಿಟ್ಟುಹೋದ, ಆರು ಬಿದಿರು ಸೀಳುಗಳನ್ನು ಅಂಟಿಸಿ ಮಾಡಿದ ಕೋಲುಗಳು ಯಾವ ಯಾವ ಅಟ್ಟದಿಂದಲೋ ಇಳಿದು ಅವನ ಪಡಸಾಲೆಗೆ ಬರತೊಡಗಿದವು. ಸೊಟ್ಟಾದ ಬಿದಿರನ್ನು ಅವನು ಚಹಾದ ಕೆಟಲಿಯ ಹಬೆಗೆ ಹಿಡಿದು ನೆಟ್ಟಗೆ ಮಾಡುವನು. ಹಳೆಯ ವಾರ್ನಿಶನ್ನು ಬಳೆಚೂರಿನಿಂದ ಕೆರೆಯುವನು. ರೇಶಿಮೆ ದಾರವನ್ನು ಎಳೆಯ ಮೇಲೆ ಎಳೆ ಬೀಳದಂತೆ ಸುತ್ತುವಾಗ ಉಸಿರು ಬಿಗಿಹಿಡಿಯುವನು. ಒಮ್ಮೆ ಶುಕ್ರವಾರ ಹಿಡಿದ ಉಸಿರನ್ನು ರವಿವಾರ ಬಿಟ್ಟನಂತೆ, ಓಣಿಯ ಮೂರು ಮರಗಳ ಎಲೆ ಉದುರಿದವಂತೆ.

ಅವನದು ಒಂದೇ ಒಂದು ಕಟ್ಟುನಿಟ್ಟು. ಕೋಲಿನ ಲೋಹದ ಭಾಗಕ್ಕೆ ಹತ್ತಿದ ಕೊಳೆ ಮಾತ್ರ ಮುಟ್ಟಬಾರದು. “ಕೊಳಿ ಅಂದ್ರ ಕೋಲಿನ ಬಿಳಿ ಗಡ್ಡ. ಅದನ್ನ ಬೋಳಿಸಿದ್ರ ಮುಪ್ಪಿನ ಮಾನ ಉಳೀತದೇನು?” ಎನ್ನುತ್ತಿದ್ದ.

ಇಷ್ಟೆಲ್ಲ ಮಾಡಿದರೂ ಊರು ಅವನಿಗೆ ಕೊಟ್ಟ ಬಿರುದು ‘ಕಟ್ಟಿಗಿ ಡಾಕ್ಟರ್’. ಹೆಂಡತಿ ಮಹಮೂದಾ ಬೇಗಂ ಅದನ್ನೂ ಕೊಡಲಿಲ್ಲ. “ಒಲಿ ಮ್ಯಾಲಿನ ಬ್ಯಾಳಿ ಸೀದದ್ದು ಇವರ ಮೂಗಿಗೆ ಹತ್ತಂಗಿಲ್ಲ. ನೂರು ವರ್ಷದ ಹಿಂದಿನ ವಾಸನಿ ಹತ್ತತದಂತ!” ಎಂದು ಬಂದವರ ಮುಂದೆಯೇ ಹೇಳುತ್ತಿದ್ದಳು.

ಹೀಗಿರುವಾಗ ಭಾಲ್ಕಿಯ ಬಸವಕಿರಣ ಎಂಬ ಗುತ್ತಿಗೆದಾರರಿಗೆ ಹಳೆಯ ಸಾಮಾನಿನ ಶೋಕಿ ಹತ್ತಿತು. ಗ್ರಾಮೋಫೋನು, ಕಂದೀಲು, ಗೋಡೆ ಗಡಿಯಾರಗಳನ್ನು ಗುಡ್ಡೆ ಹಾಕಿ ಮನೆಯಲ್ಲೇ ಒಂದು ಪ್ರದರ್ಶನದ ಖೋಲಿ ಕಟ್ಟಿಸಿದರು. ಬಾಗಿಲ ಮೇಲೆ ಒಂದು ಬೋರ್ಡು ಬರೆಸುವವರಿದ್ದರು. “ಒಂದು ಖರೇ ವಿಲಾಯತಿ ಗಾಳದ ಕೋಲು ತಂದು ತೋರಸ್ರಿ ಉಸ್ತಾದ್. ಬೋರ್ಡಿನ್ಯಾಗ ‘ಪಾರಖಿ: ಜುಲ್ಫೀಕಾರ ಉಸ್ತಾದ’ ಅಂತ ಬರಸ್ತೀನಿ” ಎಂದರು.

ಪಾರಖಿ! ಅಂದರೆ ಒಳ್ಳೆಯದು ಕೆಟ್ಟದ್ದು ಕಂಡು ಹೇಳುವವನು. ನಲವತ್ತು ವರ್ಷ ಕಟ್ಟಿಗಿ ಡಾಕ್ಟರ್ ಅನ್ನಿಸಿಕೊಂಡವನಿಗೆ ಆ ಒಂದು ಮಾತು ಸಾಕಾಯಿತು. ಆ ರಾತ್ರಿ ಅವನ ಎದೆ ಎಷ್ಟು ಉಬ್ಬಿತೆಂದರೆ, ಮಹಮೂದಾ ಬೇಗಂ ಮಂಚದಲ್ಲಿ ಜಾಗ ಸಾಲದೆ ಕೆಳಗೆ ಮಲಗಿದಳು.

ಅದೇ ವಾರ ಔರಾದ ತಾಲೂಕು ಚಿಂತಾಕಿಯ ಸುಶೀಲಕುಮಾರ ಒಂದು ಕೋಲು ತಂದುಕೊಟ್ಟ. ಬೀದರದ ಕಚೇರಿಯೊಂದರಲ್ಲಿ ಅವನಿಗೆ ನೌಕರಿ. “ನಮ್ಮ ಅಪ್ಪ ಮಾಣಿಕಂದು ರೀ. ಯಾರೋ ಇಂಗ್ಲಿಷ್ ಇಂಜಿನಿಯರ್ ನಮ್ಮ ಅಜ್ಜಗ ಕೊಟ್ಟಿದ್ನಂತ. ದಾರ ಬಿಚ್ಚ್ಯಾವ, ಜರಾ ನೋಡ್ರಿ” ಎಂದ.

ಜುಲ್ಫೀಕಾರ ಕೋಲನ್ನು ಬುಡದಿಂದ ತುದಿಯವರೆಗೆ ಮೂಸಿದ. ಮೂಗಿನಲ್ಲಿ ವಿಲಾಯತಿಯ ಹಡಗೊಂದು ಹಾಯ್ದು ಹೋಯಿತು. “ಹತ್ತೊಂಬತ್ತುನೂರಾ ಹನ್ನೊಂದು, ಬುಧವಾರ!” ಎಂದ. ಬುಡಕ್ಕೆ ಹಾಕಿದ ಲೋಹದ ಟೊಪ್ಪಿಗೆಯ ಮೇಲೆ ಕೊಳೆ ಬೆರಳು ದಪ್ಪ ಕೂತಿತ್ತು. ಕಟ್ಟುನಿಟ್ಟು ಎಂದರೆ ಕಟ್ಟುನಿಟ್ಟು, ಅದನ್ನು ಮುಟ್ಟಲಿಲ್ಲ. ಹದಿನೈದು ದಿನ ಕೂತು ಉಳಿದದ್ದನ್ನೆಲ್ಲ ಸರಿಮಾಡಿದ. ಕೋಲನ್ನು ಬಸವಕಿರಣರ ಖೋಲಿಗೆ ಕೊಡಲು ಸುಶೀಲಕುಮಾರನನ್ನು ಫೋನಿನಲ್ಲೇ ಒಪ್ಪಿಸಿದ. ಅವನ ತಾಯಿಯನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ರವಿವಾರ ಬಸವಕಿರಣರು ಕಾರಿನಲ್ಲಿ ಬಂದರು. ಜುಲ್ಫೀಕಾರ ಕೋಲನ್ನು ಕೈಯಲ್ಲಿ ತೂಗುತ್ತಾ, “ನೋಡ್ರಿ ಸಾಹೇಬ್ರ, ಆರು ಸೀಳಿನ ನಡುವ ಕೂದಲಾ ಹೋಗಂಗಿಲ್ಲ. ಇಂಥಾ ಕೆಲಸ ಹಿಂದೂಸ್ತಾನದಾಗ ಯಾವನಪ್ಪನ ಕೈಲೂ ಆಗಂಗಿಲ್ಲ. ನನ್ನ ಕೈಲೂ ಆಗಂಗಿಲ್ಲ!” ಎಂದ. ತನ್ನ ಕೈಲಾಗದ ಕೆಲಸ ಒಂದುಂಟು ಎಂದು ಅವನು ಒಪ್ಪಿದ್ದು ಜನ್ಮದಲ್ಲಿ ಅದೇ ಮೊದಲು.

ಅಷ್ಟರಲ್ಲಿ ಮಗನಿಂದ ಸುದ್ದಿ ಕೇಳಿ, ಔರಾದ ಬಸ್ಸಿಳಿದು ಕೇಶರಬಾಯಿ ಬಂದಳು. ಮಾಣಿಕನ ಹೆಂಡತಿ, ಸುಶೀಲಕುಮಾರನ ತಾಯಿ. ವಯಸ್ಸು ಎಪ್ಪತ್ತೈದು, ದನಿಗೆ ಇಪ್ಪತ್ತೈದು.

“ಯಾರೋ ನನ್ನ ಕೋಲು ಗ್ವಾಡಿಗಿ ಹಾಕಾಂವ? ಮಾಂಜ್ರಾ ನದಿಗಿ ನೀರು ಬಂದಾವ. ಇಲ್ಲಿ ತಾ.”

“ಬಾಯಿ, ಸಾವಕಾಶ! ಇದು ವಿಲಾಯತಿ ಮಾಲು. ಇದರಿಂದ ಮೀನು ಹಿಡೀಬಾರದು.”

“ಮೀನಲ್ದೆ ನಿನ್ನ ಹಿಡೀಲ್ಯಾ? ವಿಲಾಯತಿದು ಎಮ್ಮಿ ಕುಂತು ಮುರೀತು, ಇಂದಿರಾ ಗಾಂಧಿ ಸತ್ತ ವರ್ಷ. ಇದು ಬೀದರದಾಗ ಮಾಡ್ಸಿದ್ದು.”

ಬಸವಕಿರಣರ ಕನ್ನಡಕ ಮೂಗಿನ ತುದಿಗೆ ಜಾರಿತು. ಜುಲ್ಫೀಕಾರ ಮೆಲ್ಲಗೆ, “ವಯಸ್ಸಾಗ್ಯದ ಸಾಹೇಬ್ರ, ಮುದುಕಿಗಿ ನೆನಪು ಹಾರ್ತದ” ಎಂದ.

ಕೇಶರಬಾಯಿ ಮುಂದೆ ಬಂದಳು. ಕೋಲು ಕಸಿದುಕೊಂಡಳು. ಬುಡದ ಟೊಪ್ಪಿಗೆಯ ಕೊಳೆಯನ್ನು ಸೆರಗಿನಿಂದ ಗಸಗಸ ತಿಕ್ಕಿದಳು. ತಲೆಗೂದಲಿನ ಎಣ್ಣೆಯನ್ನು ಅಂಗೈಗೆ ಒರೆಸಿಕೊಂಡು ಅದಕ್ಕೆ ಸವರಿದಳು. ಲೋಹ ಕಾಗೆಯ ರೆಕ್ಕೆಯಂತೆ ಕಪ್ಪಗೆ ಮಿಂಚಿತು.

ಬಿದ್ರಿ. ಕಿಲ್ಲೆಯ ಮಣ್ಣಿನ ಕಪ್ಪು. ಬೀದರದಲ್ಲಿ ಹುಟ್ಟಿದ ಕೂಸೂ ಗುರುತು ಹಿಡಿಯುವ ಕಪ್ಪು.

“ಕಾರಖಾನ್ಯಾಗ ಒಬ್ಬ ಹುಡುಗ ಇದ್ದ” ಎಂದಳು ಕೇಶರಬಾಯಿ. “ಮುರಿದ ಕೋಲು ಮುಂದಿಟ್ಟುಕೊಂಡು ಹಂಥಾದ್ದೇ ಮಾಡ್ತೀನಿ ಅಂದ. ಮೂರು ತಿಂಗಳು ತಿರುಗಿಸ್ದ. ನಾ ಇಸ್ಕೊಂಡು ಹೋಗಾಕ ಬಂದಾಗ ನನ್ನ ಬುತ್ತಿ ರೊಟ್ಟಿ ಅಷ್ಟೂ ತಿಂದ, ಶೇಂಗಾ ಹಿಂಡಿನೂ ಉಳಸಲಿಲ್ಲ. ಈಗ ಗಡ್ಡ ಬಂದದ. ಮೂಗು ಅದೇ ಅದ.”

ಒಳಗಿನಿಂದ ಮಹಮೂದಾ ಬೇಗಂಳ ನಗು ಕೇಳಿಬಂತು.

ಜುಲ್ಫೀಕಾರನಿಗೆ ಆ ಶೇಂಗಾ ಚಟ್ನಿಪುಡಿಯ ಖಾರ ನಾಲಿಗೆಯ ಮೇಲೆ ಬಂತು. ಮೂರು ತಿಂಗಳು ಬೆರಳು ಕೊಯ್ದುಕೊಂಡದ್ದು, ಟೊಪ್ಪಿಗೆ ಸಿಗದೆ ಕಾರಖಾನೆಯ ಲೋಹವನ್ನೇ ಕದ್ದು ಎರಕ ಹೊಯ್ದದ್ದು, ಎಲ್ಲ ಬಂತು. ಟೊಪ್ಪಿಗೆ ಯಾರೋ ಆಮೇಲೆ ಹಾಕಿಸಿದ್ದು, ಆ ಹುಡುಗ ನಾನಲ್ಲ ಎಂದಿದ್ದರೆ ಬೋರ್ಡು ಉಳಿಯುತ್ತಿತ್ತು. ಮುದುಕಿಯ ಮಾತಿಗೆ ಸಾಕ್ಷಿ ಹೇಳುವವನು ಅವನೊಬ್ಬನೇ. ಆದರೆ ಕೋಲನ್ನು ಮತ್ತೊಮ್ಮೆ ನೋಡಿದ. ಆರು ಸೀಳು, ನಡುವೆ ಕೂದಲೂ ಹೋಗದು. ಅಷ್ಟು ಚಂದದ ಕೆಲಸವನ್ನು ಯಾವನೋ ಕೆಂಪು ಮೂತಿಯವನಿಗೆ ಬಿಟ್ಟುಕೊಡುವುದೇ?

“ನಾನ ಮಾಡೀನಿ!” ಎಂದು ಕೂಗಿದ. ಕಿಲ್ಲೆಯ ಪಾರಿವಾಳಗಳೆಲ್ಲ ಒಮ್ಮೆಗೆ ಎದ್ದು ಹಾರಿದವಂತೆ. “ಮಾಡ್ದಾಂವ ನಾನ! ಇಪ್ಪತ್ತನೇ ವಯಸ್ಸಿನ್ಯಾಗ! ಬರೀ ಕೈಲಿ!”

ಕೇಶರಬಾಯಿ ಕೋಲನ್ನು ಹೆಗಲಿಗೇರಿಸಿದಳು. “ಚೊಲೋ ಮಾಡಿದ್ದಿ. ಮೀನು ಸಿಕ್ರ ಕಳಸ್ತೀನಿ. ರೊಟ್ಟಿ ಕಳಸಂಗಿಲ್ಲ” ಎಂದು ಬಸ್ಸಿನ ಕಡೆ ನಡೆದಳು.

ಬಸವಕಿರಣರು ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. “ಏನ್ರಿ ಉಸ್ತಾದ್, ತನ್ನ ಕೂಸಿನ ಗುರುತು ತನಗೇ ಸಿಗದಾಂವಗ ನಾ ಪಾರಖಿ ಅಂತ ಹ್ಯಾಂಗ ಬರಸ್ಲಿ? ನಿಮ್ಮ ಹೆಸರು ಬೋರ್ಡಿಂದ ಹೋತು ನೋಡ್ರಿ.”

ಜುಲ್ಫೀಕಾರ ಗಡ್ಡ ನೀವಿಕೊಂಡ.

“ಹೋಗಲಿ ಬಿಡ್ರಿ ಸಾಹೇಬ್ರ. ನಿಮ್ಮ ಖೋಲ್ಯಾಗ ಇರೋ ಮಾಲು ಅಷ್ಟೂ ಸತ್ತವ್ರು ಮಾಡಿದ್ದು. ಅವರ ಸಾಲಿನ್ಯಾಗ ನನ್ನ ಹೆಸರು ಬರಸಿ, ನನ್ನ ಯಾಕ ಜಲ್ದಿ ಕಳಸ್ತೀರಿ?”