ಬಿ ವಿಂಗ್ ಹಿಂದಿನ ಅರಿಶಿನ

ಠಾಣೆಯ ಘೋಡಬಂದರ್ ರಸ್ತೆಯ ನಮ್ಮ ಸೊಸೈಟಿಯಲ್ಲಿ ನಮ್ಮದು ಬಿ ವಿಂಗಿನ ನೆಲಮಹಡಿ. ಅಡುಗೆಮನೆಯ ಕಿಟಕಿಗೂ ಕಾಂಪೌಂಡ್ ಗೋಡೆಗೂ ನಡುವೆ ಉದ್ದನೆಯ ಒಂದು ಮಣ್ಣಿನ ಪಟ್ಟಿಯಿದೆ. ಬಿಸಿಲು ಅತ್ತ ಇಣುಕಿಯೂ ನೋಡುವುದಿಲ್ಲ. ಮಳೆಗಾಲ ಮುಗಿದು ಎಷ್ಟೋ ದಿನವಾದರೂ ತೇವ ಆರುವುದಿಲ್ಲ. ಕಮಿಟಿಯವರು ಅಲ್ಲಿ ಗುಲಾಬಿ ನೆಟ್ಟರು, ಕೊಳೆಯಿತು. ದಾಸವಾಳ ನೆಟ್ಟರು, ಒಂದು ಮೊಗ್ಗೂ ಬಿಡಲಿಲ್ಲ. ಕೊನೆಗೆ ದಂಡದ ಜಾಗ ಎಂದು ಕೈಬಿಟ್ಟರು. ನನಗೋ ಒಳಗೊಳಗೇ ನಗು. ಉಡುಪಿ ಕಡೆಯವಳಿಗೆ ನೆರಳು, ತೇವ ಎರಡೂ ಪುಕ್ಕಟೆ ಸಿಕ್ಕರೆ ಇನ್ನೇನು ಬೇಕು?

ಊರಿನಿಂದ ಬಟ್ಟೆಯ ನಡುವೆ ಸುತ್ತಿ ತಂದ ಕೆಸುವಿನ ಗಡ್ಡೆ, ಅರಿಶಿನದ ಕೊಂಬು ನೆಟ್ಟೆ. ಒಂದೇ ಮಳೆಗಾಲ ನೋಡಿ! ಕೆಸು ಮೊರದಗಲ ಎಲೆ ಬಿಚ್ಚಿತು, ಅರಿಶಿನ ನನ್ನ ಸೊಂಟಕ್ಕೆ ಬಂತು. ನಮ್ಮ ಕಡೆ ಮನೆಯ ಹಿಂದೆ ಅರಿಶಿನ ಹಾಕುವುದು ಗಡ್ಡೆಗಲ್ಲ, ಎಲೆಗೆ. ನಾಗರಪಂಚಮಿಯ ಕಡುಬು ಆ ಎಲೆಯಲ್ಲೇ ಬೇಯಬೇಕು. ಹಾಗಾಗಿ ಚಳಿಗಾಲದಲ್ಲಿ ಎಲೆ ಹಣ್ಣಾದಾಗ ಕತ್ತರಿಸಿ ಹಾಕುತ್ತೇವೆ, ಗಡ್ಡೆ ಮಣ್ಣಿನಲ್ಲೇ ಇರುತ್ತದೆ. ನಾನೂ ಹಾಗೇ ಮಾಡಿದೆ. ಕೆಸುವೂ ಒಣಗಿ ಪಟ್ಟಿ ಬೋಳಾಯಿತು.

ಬೋಳಾದದ್ದೇ ತಡ, ಸೊಸೈಟಿ ಮೀಟಿಂಗಿನಲ್ಲಿ ಸೆಕ್ರೆಟರಿ ಎದ್ದು ನಿಂತರು. ಮರಾಠಿಯವರು, ಒಳ್ಳೆಯ ಮನುಷ್ಯರೇ. ಆದರೆ ಪಾರ್ಕಿಂಗ್ ಎಂದರೆ ಜೀವ ಬಿಡುತ್ತಿದ್ದರು. "ಮೇಡಮ್ ಕಾ ಗಾರ್ಡನ್ ತೋ ಖತಮ್," ಎಂದರು. "ಅಲ್ಲಿ ಪೇವರ್ ಬ್ಲಾಕ್ ಹಾಕಿ ಸ್ಕೂಟರ್ ನಿಲ್ಲಿಸೋಣ."

"ಖತಮ್ ಅಲ್ಲ, ಮಣ್ಣಿನೊಳಗೆ ಮಲಗಿವೆ. ಮಳೆ ಬಿದ್ದರೆ ಏಳುತ್ತವೆ," ಎಂದೆ.

"ಮಲಗಿದ್ದರೆ ಒಂದು ಚಾದರ ಹೊದೆಸಿ ಮೇಡಮ್!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಹರಕು ಹಿಂದಿಯಲ್ಲೇ ಹೇಳಿಬಿಟ್ಟೆ: ಮಳೆ ಬಂದ ಮೇಲೂ ಅರಿಶಿನ ಏಳದಿದ್ದರೆ ನಾನೇ ಎದುರು ನಿಂತು ಬ್ಲಾಕ್ ಹಾಕಿಸುತ್ತೇನೆ. ಎದ್ದರೆ, ಆ ಜಾಗದ ಸುದ್ದಿಗೆ ಯಾರೂ ಬರಬಾರದು. ಸೆಕ್ರೆಟರಿ ಖುಷಿಯಿಂದ ಒಪ್ಪಿದರು.

ನಮ್ಮ ಯಜಮಾನರು ಮೈಸೂರಿನವರು, ಅಂಜುಬುರುಕ ಸ್ವಭಾವ. "ಏನೇ ಇದು, ಎಲ್ರ ಮುಂದೆ ಜಂಬ ಕೊಚ್ಕೊಂಡು ಬಂದ್ಬಿಟ್ಯಲ್ಲ! ಏಳ್ದೇ ಹೋದ್ರೆ?"

"ಏಳ್ತದೆ ಮಾರಾಯ್ರೆ, ನೀವು ಸುಮ್ಮನಿರಿ."

ಸುಮ್ಮನಿರುವ ಜನವೇ ಅದು? ಒಂದು ಬೆಳಿಗ್ಗೆ ಕಿಟಕಿಯಿಂದ ನೋಡುತ್ತೇನೆ, ಬಕೆಟ್ ಹಿಡಿದು ಬೋಳು ಮಣ್ಣಿಗೆ ನೀರು ಹೊಯ್ಯುತ್ತಿದ್ದಾರೆ! ದಿನಾ ನಾನು ಏಳುವ ಮೊದಲೇ ಈ ಸೇವೆ ನಡೆಯುತ್ತಿತ್ತಂತೆ.

"ಅಯ್ಯೋ ದೇವರೇ! ಮಲಗಿದ ಗಡ್ಡೆಗೆ ನೀರು ಹೊಯ್ದ್ರೆ ಕೊಳೀತದೆ!"

"ಒಣಗಿ ಹೋಗಿದ್ಯಲ್ಲ, ಪಾಪ ಅಂತ..."

ಅವರ ಪಾಪ ನನ್ನ ತಲೆಗೆ ಬಂತು. ಮಾತು ಬಿಟ್ಟೆ. ಅವರೇ ಕಾಫಿ ಮಾಡಿಕೊಂಡು, ನನಗೂ ಒಂದು ಲೋಟ ತಂದಿಟ್ಟು ಹೋಗುತ್ತಿದ್ದರು. ಕೆದಕಿ ನೋಡಲು ಕೈ ತುರಿಸುತ್ತಿತ್ತು. ಆದರೆ ಅಷ್ಟೂ ಕಿಟಕಿಗಳ ಎದುರು ಕೆದಕಿದರೆ ನನಗೇ ನಂಬಿಕೆಯಿಲ್ಲ ಎಂದಾಗುತ್ತದೆ. ಕೊಳೆತಿದ್ದರೆ ಮರ್ಯಾದೆಯೂ ಹೋಯಿತು, ಜಾಗವೂ ಹೋಯಿತು. ಮುಂಬೈ ಕಡೆ ಬಂದ ಮೇಲೆ ನನ್ನದು ಎಂದು ನಾನು ಕೈಯಾರೆ ಬೆಳೆಸಿದ್ದು ಅದೊಂದೇ. ನಿಜಕ್ಕೂ ಹೆದರಿದ್ದೆ.

ಮಳೆ ಬಂತು. ಕೆಸು ಎದ್ದಿತು. "ಅದು ಚರಂಡಿಯಲ್ಲೂ ಬೆಳೆಯುತ್ತೆ, ಲೆಕ್ಕಕ್ಕಿಲ್ಲ," ಎಂದರು ಸೆಕ್ರೆಟರಿ. ಅರಿಶಿನದ ಸುಳಿವೇ ಇಲ್ಲ. ಜಿಟಿಜಿಟಿ ಮಳೆಯಲ್ಲೇ ಅವರು ಕಂಟ್ರಾಕ್ಟರನನ್ನು ಕರೆತಂದು ಅಳತೆ ತೆಗೆಸತೊಡಗಿದರು. ಮಾತು ಕೊಟ್ಟವಳು ನಾನು, ಕೊಡೆ ಹಿಡಿದು ಹೋಗಿ ನಿಂತೆ. ಕಂಟ್ರಾಕ್ಟರ್ ಟೇಪು ಎಳೆದುಕೊಂಡು ಗೋಡೆಯತ್ತ ಹೋದ. ಟೇಪಿನ ಪಕ್ಕದಲ್ಲೇ ಏನೋ ಹಸಿರು ಕಂಡಿತು. ಬಗ್ಗಿದೆ. ಸುರುಳಿ ಸುತ್ತಿದ ಮೊನೆ! ಅದರಾಚೆ ಇನ್ನೊಂದು, ಆಚೆ ಮತ್ತೊಂದು, ಗೋಡೆಯುದ್ದಕ್ಕೂ!

"ಬತ್ತ್ಂಡ್, ಬತ್ತ್ಂಡ್!" ಬಂತು ಬಂತು ಎಂದು ತುಳುವಿನಲ್ಲೇ ಕಿರುಚಿದೆ. ಕೊಡೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಯಜಮಾನರು ಬರಿಗಾಲಲ್ಲಿ ಓಡಿಬಂದರು. ಅವರ ಬಕೆಟ್ ನೀರು ಹೆಚ್ಚು ಬಿದ್ದಿದ್ದ ಮೂಲೆ ಮಾತ್ರ ಬೋಳಾಗಿತ್ತು. ಅದನ್ನು ನೋಡಿಯೂ ಅವರ ಕೈ ಹಿಡಿದೆಳೆದು ಮೊನೆಗಳನ್ನು ತೋರಿಸಿದೆ, ಅಷ್ಟು ಸಂತೋಷ. ಸೆಕ್ರೆಟರಿ ಕೂತು ಮೊನೆಯೊಂದನ್ನು ಮುಟ್ಟಿದರು, ಬೆರಳು ಮೂಸಿದರು. ಕಂಟ್ರಾಕ್ಟರನಿಗೆ ಟೇಪು ಸುತ್ತಲು ಹೇಳಿದರು.

ನಾಗರಪಂಚಮಿಯ ಹಿಂದಿನ ದಿನ ಸೆಕ್ರೆಟರಿಯ ತಾಯಿ ಬಂದರು, ಹಿಂದೆ ತಲೆ ತಗ್ಗಿಸಿಕೊಂಡು ಮಗ. ಅಜ್ಜಿಗೆ ಪಾತೋಳ್ಯಾ ಮಾಡಲು ಅರಿಶಿನದ ಎಲೆ ಬೇಕಿತ್ತು. ಬೆಲ್ಲ, ಕಾಯಿತುರಿ ತುಂಬಿ ಎಲೆಯಲ್ಲಿ ಬೇಯಿಸುವುದು, ನಮ್ಮ ಕಡುಬೇ ಅದು! ಕೈತುಂಬ ಕೊಯ್ದು ಕೊಟ್ಟೆ. ಅಜ್ಜಿ ಎಲೆಗಳನ್ನು ಎದೆಗೊತ್ತಿಕೊಂಡು ಮಗನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು, "ಎ ವಿಂಗಿನ ಹಿಂದೆಯೂ ಇಂಥದೇ ನೆರಳಲ್ಲವೇನೋ?"

ಹಬ್ಬದ ಮಾರನೆಯ ಬೆಳಿಗ್ಗೆ ಗುದ್ದಲಿಯ ಸದ್ದು ಕೇಳಿ ಎ ವಿಂಗಿನ ಹಿಂದಕ್ಕೆ ಹೋದೆ. ಸೆಕ್ರೆಟರಿ ಪ್ಯಾಂಟು ಮಡಚಿಕೊಂಡು, ಅರಿಶಿನ ಈಗ ಕೀಳುವಂತಿಲ್ಲವೆಂದು ಸದ್ಯಕ್ಕೆ ನನ್ನಿಂದ ಒಯ್ದ ಕೆಸುವಿನ ಮರಿಗಳಿಗೆ ಗುಂಡಿ ತೋಡುತ್ತಿದ್ದರು.

"ಅಷ್ಟು ಆಳ ಬೇಡ!" ಎಂದು ಗದರಿದೆ.

"ಹೋ, ಮೇಡಮ್," ಎಂದು ಮರಾಠಿಯಲ್ಲಿ ಹೂಂಗುಟ್ಟಿ ಅವರು ಮಣ್ಣು ವಾಪಸು ಎಳೆದರು.