ಭಟ್ಟರು ತಿನ್ನದ ಗೋಧಿ

ಕೊರೊನಾ ತಣ್ಣಗಾದ ಮರುವರ್ಷ. ಕೊಪ್ಪದಲ್ಲಿ ನಾನು ಕ್ಲಿನಿಕ್ ತೆರೆದು ಇಪ್ಪತ್ತಾರು ವರ್ಷವಾಗಿತ್ತು. ಹೊಟ್ಟೆಯ ಕಾಯಿಲೆ ಎಂದರೆ ನನಗೆ ಗೊತ್ತು ಎಂಬ ಸಣ್ಣ ಜಂಬವೂ ಇತ್ತು. ಅದನ್ನು ಇಳಿಸಿದವರು ಅಡ್ಡಗದ್ದೆ ಕಡೆಯ ಪುರೋಹಿತರಾದ ಗಣಪತಿ ಭಟ್ಟರು.

ನಲವತ್ತೊಂದು ವರ್ಷ ವಯಸ್ಸಿನ ಭಟ್ಟರ ತೂಕ ನಲವತ್ತಾರು ಕಿಲೋ, ಹಿಮೋಗ್ಲೋಬಿನ್ ಏಳು. ಎರಡು ವರ್ಷದಿಂದ ಭೇದಿ. ಪೂಜೆಯ ನಡುವೆಯೇ ಎದ್ದು ಹೋಗಬೇಕಾಗುತ್ತದೆ ಎಂದು ಹೇಳುವಾಗ ಅವರು ತಲೆ ಎತ್ತಲಿಲ್ಲ. ಎಂಡೋಸ್ಕೋಪಿಯಲ್ಲಿ ಸಣ್ಣಕರುಳಿನ ಒಳಪೊರೆಯ ಚೂರು ತೆಗೆಸಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಮಾಡಿಸಿದೆ. ಕಾಯಿಲೆಯ ಹೆಸರು ಸಿಕ್ಕಿತು: ಸೀಲಿಯಾಕ್.

ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಕರುಳಿನ ಪೊರೆಯಲ್ಲಿ ಲಿಂಫೋಸೈಟ್ ಎಂಬ ರೋಗನಿರೋಧಕ ಕೋಶಗಳು ಕಾವಲಿರುತ್ತವೆ. ಸೀಲಿಯಾಕ್ ಇದ್ದವರಲ್ಲಿ ಈ ಕಾವಲುಗಾರರು ಗ್ಲುಟೆನ್ನನ್ನು ಕಳ್ಳನೆಂದು ತಿಳಿದು, ಹೊಡೆಯುವ ಭರದಲ್ಲಿ ಸ್ವಂತ ಮನೆಯ ಗೋಡೆಯನ್ನೇ ಕೆಡವುತ್ತಾರೆ. ಪೊರೆಯ ನೂರು ಕೋಶಗಳ ನಡುವೆ ಇಂಥವು ಇಪ್ಪತ್ತೈದರವರೆಗೆ ಇದ್ದರೆ ಸರಿ. ಭಟ್ಟರಲ್ಲಿ ಎಪ್ಪತ್ತಿದ್ದವು. ಮದ್ದು ಒಂದೇ, ಗೋಧಿಯನ್ನು ಪೂರ್ತಿ ಬಿಡುವುದು. "ಅನ್ನ ತಿನ್ನೋರಿಗೆ ಇದೆಂತ ಕಷ್ಟ ಭಟ್ರೇ" ಎಂದು ನಗುತ್ತ ಕಳಿಸಿಕೊಟ್ಟೆ.

ವರ್ಷ ಕಳೆದರೂ ತೂಕ ಏರಿದ್ದು ಎರಡೇ ಕಿಲೋ. ಮತ್ತೆ ಬಯಾಪ್ಸಿ ಮಾಡಿಸಿದರೆ ಆ ಕೋಶಗಳು ಇನ್ನೂ ಐವತ್ತೆಂಟು. ಗೋಧಿ ತಿಂದಿರಾ ಎಂದು ಮೂರು ಸಲ ಕೇಳಿದೆ, ಕೊನೆಯ ಸಲ ದನಿ ಏರಿಸಿಯೇ. ಇಲ್ಲವೆಂದರು. ಹಾಗಾದರೆ ಉಳಿಯುವುದು, ಗೋಧಿ ಬಿಟ್ಟರೂ ಆ ಕೋಶಗಳು ತಣಿಯದ ಅಪರೂಪದ ಹಂತ. ಅದು ಕ್ಯಾನ್ಸರ್‌ಗೂ ತಿರುಗಬಹುದು. ಮಂಗಳೂರಿಗೆ ಕಳಿಸಲು ಪತ್ರ ಬರೆಯುತ್ತ ಇದನ್ನು ಹೇಳಿದೆ. ಭಟ್ಟರ ಹೆಂಡತಿ ಸಾವಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇವ್ರು ಸುಳ್ಳು ಹೇಳೋರಲ್ಲ ಡಾಕ್ಟ್ರೇ. ಮನೇಲಿ ಗೋಧಿ ಹಿಟ್ಟಿನ ಡಬ್ಬಿನೇ ಇಲ್ಲ. ಹೊರಗೂ ಅಷ್ಟೆ, ಪ್ರಸಾದ ಬಿಟ್ರೆ ಎಂತದೂ ಬಾಯಿಗೆ ಹಾಕಲ್ಲ."

ನನ್ನ ಪೆನ್ನು ನಿಂತಿತು. "ಎಂತ ಪ್ರಸಾದ?"

"ಸತ್ಯನಾರಾಯಣ ಪೂಜೆದು."

ಅಂದರೆ ಗೋಧಿ ರವೆಯನ್ನು ತುಪ್ಪದಲ್ಲಿ ಹುರಿದು, ಹಾಲು, ಸಕ್ಕರೆ, ಬಾಳೆಹಣ್ಣು ಕೂಡಿಸಿದ ಸಪಾದ ಭಕ್ಷ್ಯ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರವೆಂದು ಸ್ಕೂಟರಿನಲ್ಲಿ ಸುತ್ತುವ ಭಟ್ಟರಿಗೆ ವಾರಕ್ಕೆ ಮೂರು ನಾಲ್ಕು ಪೂಜೆ. ಪ್ರತಿ ಮನೆಯಲ್ಲೂ ಅಂಗೈ ಮೇಲೆ ಒಂದು ಉಂಡೆ. ಕಾವಲುಗಾರರನ್ನು ಎಬ್ಬಿಸಿಡಲು ಅಷ್ಟು ಸಾಕೇ ಸಾಕು.

"ಅದು ದೇವ್ರದ್ದಲ್ದಾ ಡಾಕ್ಟ್ರೇ," ಎಂದರು ಭಟ್ಟರು ಮೆಲ್ಲಗೆ. "ಅದ್ರಿಂದ ಮೈ ಕೆಡ್ತದೆ ಅಂತ ನಂಗೆ ಹೊಳೀಲೇ ಇಲ್ಲ."

ದನಿ ಏರಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಪತ್ರವನ್ನು ಹರಿದುಹಾಕಿದೆ. ಆದರೆ ಭಟ್ಟರ ಮುಖ ಇನ್ನೂ ಕಂದಿತ್ತು. ಪುರೋಹಿತನೇ ಪ್ರಸಾದ ಬೇಡವೆಂದರೆ ಪೂಜೆ ಮಾಡಿಸಿದವರಿಗೆ ಹೇಗಾಗಬೇಡ? ಅದಕ್ಕಿಂತ ಈ ಕೆಲಸವನ್ನೇ ಬಿಡುತ್ತೇನೆ ಎಂದರು. ಮತ್ತೆ ತಾವೇ, ಗೋಧಿ ಇಲ್ಲದಿದ್ದರೆ ಅಕ್ಕಿಯದ್ದೂ ಆಗುತ್ತದೆ ಎಂದು ಪೂಜಾವಿಧಿಯಲ್ಲಿದೆ ಎಂದರು. "ಆದ್ರೆ ನನ್ನ ಹೊಟ್ಟೆಗೋಸ್ಕರ ಹಾಗೆ ಮಾಡಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ನೀವು ಕೇಳ್ಬೇಡಿ ಮಾರಾಯ್ರೆ. ನಾನು ಕೇಳ್ತೀನಿ," ಎಂದರು ಸಾವಿತ್ರಮ್ಮ.

ಕೇಳಿಯೂ ಕೇಳಿದರು. ಪೂಜೆ ಗೊತ್ತಾದ ಮನೆಗೆಲ್ಲ ಮೊದಲೇ ಫೋನ್ ಮಾಡಿ ಗಂಡನ ಕಾಯಿಲೆ ವಿವರಿಸಿದರು. ಭಂಡಿಗಡಿಯ ಒಂದು ಮನೆಯವರು ಒಪ್ಪದೆ ಬೇರೆಯವರನ್ನು ಕರೆಸಿಕೊಂಡರು. ಉಳಿದವರೆಲ್ಲ ಅಕ್ಕಿ ತರಿ ಹುರಿದರು. ಕೆಲವರು ಬಾಣಲೆಯನ್ನೂ ಬೇರೆ ಇಟ್ಟರಂತೆ.

ರೋಗಿ ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದಾಗ ವೈದ್ಯ ಮೊದಲು ತನ್ನ ಪ್ರಶ್ನೆಯನ್ನೇ ಅನುಮಾನಿಸಬೇಕು. ಏನು ತಿಂದಿರಿ ಎಂದಷ್ಟೇ ಕೇಳುವುದನ್ನು ನಾನು ಅಂದಿನಿಂದ ಬಿಟ್ಟೆ. ಬೆಳಿಗ್ಗೆಯಿಂದ ನಿಮ್ಮ ಕೈಗೆ ಯಾರ್ಯಾರು ಏನೇನು ಕೊಟ್ಟರು ಎಂದು ಕೇಳುತ್ತೇನೆ.

ಒಂದೂವರೆ ವರ್ಷದ ಮೇಲೆ ಮೂರನೆಯ ಬಯಾಪ್ಸಿಯ ವರದಿ ಬಂತು: ಇಪ್ಪತ್ತೆರಡು. ತೂಕ ಐವತ್ತೇಳು. ಅಂಕಿಗಳನ್ನು ನಾನು ಹುರುಪಿನಿಂದ ವಿವರಿಸುತ್ತಿದ್ದರೆ ಸಾವಿತ್ರಮ್ಮ ನಡುವೆಯೇ ಕೇಳಿದರು, "ಅದೆಲ್ಲ ಇರ್ಲಿ ಡಾಕ್ಟ್ರೇ. ಇವ್ರು ಉಳೀತಾರಲ್ದಾ?"

"ಉಳೀತಾರೆ" ಎಂದೆ. ಅಷ್ಟು ಧೈರ್ಯದಿಂದ ಆ ಮಾತನ್ನು ಹೇಳುವ ಭಾಗ್ಯ ನಮ್ಮ ವೃತ್ತಿಯಲ್ಲಿ ದಿನಾ ಸಿಗುವುದಿಲ್ಲ.